ಮೆಷಿನ್ನಿನ ಮೂಗು, ಬಡಗಿಯ ಮೂಗು

ಗರಗಸ ಅಂದರೆ ಮರ ಕೊಯ್ಯುವ ಸಾಧನ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಸ್ವಲ್ಪ ಲೆಕ್ಕ ಹಾಕಿ ನೋಡಿ, ಅದು ಮರವನ್ನು ಪುಡಿ ಮಾಡುವ ಸಾಧನವೂ ಹೌದು. ತಟ್ಟೆಯ ಥರ ಗುಂಡಗೆ ತಿರುಗುವ ಗರಗಸ ಇದೆಯಲ್ಲ, ಅದು ಮರದಲ್ಲಿ ಮಾಡುವ ಸೀಳಿನ ಅಗಲ ಸುಮಾರು 3 ಮಿಲಿಮೀಟರ್. ಒಂದು ದಿಮ್ಮಿಯಿಂದ 25 ಮಿಲಿಮೀಟರ್ ದಪ್ಪದ ಹಲಗೆಗಳನ್ನು ಸೀಳುತ್ತಾ ಹೋದರೆ ಪ್ರತಿ 28 ಮಿಲಿಮೀಟರಿಗೆ 3 ಮಿಲಿಮೀಟರ್ ಪುಡಿಯಾಗಿ ಹೋಗುತ್ತದೆ. ಅಂದರೆ ಮರದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚೇ! ಆಮೇಲೆ ಪ್ಲೇನರ್ ಹೆರೆಯುವುದು, ಸ್ಯಾಂಡರ್ ಉಜ್ಜುವುದು ಬೇರೆ ಲೆಕ್ಕ.

ಹಲಗೆ ಬಾಗಿಲಾಗುತ್ತದೆ, ಮಂಚವಾಗುತ್ತದೆ, ತೊಟ್ಟಿಲಾಗುತ್ತದೆ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಉಳಿದ ಆ ಹತ್ತನೇ ಪಾಲು ಎಲ್ಲಿಗೆ ಹೋಯಿತು? ಇವತ್ತಿನ ಬರಹ ಅದರ ಚರಿತ್ರೆ.

ಮೊದಲು ಎರಡು ಮಾತು ಫಿಸಿಕ್ಸ್. (ಹೆದರಬೇಡಿ, ಎರಡೇ ಮಾತು.) ಕೈಯಿಂದ ಕೀಸುಳಿ ಹೊಡೆದಾಗ ಬರುವುದು ಸುರುಳಿ ಸುರುಳಿಯಾದ ಹೆರೆ. ಅದು ಕಾಲ ಬುಡಕ್ಕೆ ಬೀಳುತ್ತದೆ, ಸಂಜೆ ಪೊರಕೆಯಲ್ಲಿ ಗುಡಿಸಿದರೆ ಮುಗಿಯಿತು. ಆದರೆ ಕಣ ಸಣ್ಣದಾದಷ್ಟೂ ನೆಲಕ್ಕೆ ಬರಲು ತಡ ಮಾಡುತ್ತದೆ, ಅದೂ ಸಣ್ಣಪುಟ್ಟ ತಡ ಅಲ್ಲ. ಗಾತ್ರ ಹತ್ತು ಪಟ್ಟು ಕಮ್ಮಿಯಾದರೆ ಬೀಳುವ ವೇಗ ನೂರು ಪಟ್ಟು ಕಮ್ಮಿಯಾಗುತ್ತದೆ. ನಿಂತ ಮನುಷ್ಯನ ಮೂಗಿನ ಎತ್ತರ ಒಂದೂವರೆ ಮೀಟರ್ ಅಂದುಕೊಳ್ಳಿ. 100 ಮೈಕ್ರಾನಿನ ಕಣ, ಅಂದರೆ ತಲೆಗೂದಲಿಗಿಂತ ತುಸು ದಪ್ಪದ್ದು, ಆ ಎತ್ತರದಿಂದ ಎಂಟು ಹತ್ತು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 10 ಮೈಕ್ರಾನಿನ ಕಣಕ್ಕೆ ಸುಮಾರು ಕಾಲು ಗಂಟೆ ಬೇಕು. 5 ಮೈಕ್ರಾನಿನದ್ದು ಹೆಚ್ಚುಕಮ್ಮಿ ಒಂದು ಗಂಟೆ ತೇಲುತ್ತಿರುತ್ತದೆ. ಇದೂ ಗಾಳಿ ಅಲ್ಲಾಡದೆ ನಿಂತಿದ್ದರೆ ಮಾತ್ರ. ಫ್ಯಾನು ತಿರುಗುತ್ತಿದ್ದರೆ ದೇವರೇ ಗತಿ.

ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದಿನ ಇನ್ನೂರು ವರ್ಷದ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಯಂತ್ರ ಇಲ್ಲದ ಕಾಲದಲ್ಲಿ ದಿಮ್ಮಿಯನ್ನು ಹಲಗೆ ಮಾಡುತ್ತಿದ್ದುದು ಇಬ್ಬರು ಸೇರಿ. ದಿಮ್ಮಿಯನ್ನು ಒಂದು ಗುಂಡಿಯ ಮೇಲೋ ಎತ್ತರದ ಕಟ್ಟಿನ ಮೇಲೋ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಯುರೋಪಿನಲ್ಲೂ ಹೀಗೆಯೇ, ನಮ್ಮ ಮಲೆನಾಡಿನಲ್ಲೂ ಹೀಗೆಯೇ. ಮೇಲಿನವನು ಗೆರೆ ನೋಡಿಕೊಂಡು ಗರಗಸ ನಡೆಸಬೇಕು. ಕೆಳಗಿನವನ ಪಾಲಿಗೆ ಎಳೆಯುವ ಕೆಲಸ, ಜೊತೆಗೆ ತಲೆ, ಕಣ್ಣು, ಬಾಯಿ ತುಂಬ ಪುಡಿ. ಆದರೂ ಅದು ದಪ್ಪ ಪುಡಿ. ಮುಖ ಒರೆಸಿಕೊಂಡರೆ ಹೋಗುವಂಥದ್ದು.

ಇದನ್ನು ಬುಡಮೇಲು ಮಾಡಿದವರಲ್ಲಿ ಮೊದಲ ಹೆಸರು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂಥಮ್. ತತ್ವಜ್ಞಾನಿ ಜೆರೆಮಿ ಬೆಂಥಮ್‌ನ ತಮ್ಮ. 1791ರಲ್ಲಿ ಮರ ಹೆರೆಯುವ ಯಂತ್ರಕ್ಕೆ, 1793ರಲ್ಲಿ ಮರಗೆಲಸದ ಯಂತ್ರಗಳ ಒಂದು ದೊಡ್ಡ ಪಟ್ಟಿಗೇ ಪೇಟೆಂಟ್ ಪಡೆದ. ಇದರ ಹಿಂದಿನ ಕಾರಣ ತಮಾಷೆಯಾಗಿದೆ. ಅಣ್ಣ ಜೆರೆಮಿ ಆಗ ಪ್ಯಾನಾಪ್ಟಿಕಾನ್ ಎಂಬ ಹೊಸ ಥರದ ಜೈಲು ಕಟ್ಟಿಸುವ ಹುಚ್ಚಿನಲ್ಲಿದ್ದ. ಕೆಲಸ ಬಾರದ ಕೈದಿಗಳಿಂದಲೂ ಮರಗೆಲಸ ಮಾಡಿಸಬೇಕು ಅಂದರೆ ಕೌಶಲ ಕೈಯಲ್ಲಿರಬಾರದು, ಯಂತ್ರದಲ್ಲಿರಬೇಕು!

ಆ ಜೈಲು ಏಳಲೇ ಇಲ್ಲ. ಆದರೆ ತಮ್ಮ ಮುಂದೆ ನೌಕಾಪಡೆಯ ಕಾಮಗಾರಿಗಳ ಮೇಲ್ವಿಚಾರಕನಾದ. ಅವನ ಕಾಲದಲ್ಲಿ ಪೋರ್ಟ್ಸ್‌ಮತ್ ಬಂದರಿನಲ್ಲಿ ಹಡಗಿನ ಹಗ್ಗ ಎಳೆಯುವ ಮರದ ರಾಟೆಗಳನ್ನು ಮಾಡುವ ಕಾರ್ಖಾನೆ ಶುರುವಾಯಿತು. ಯಂತ್ರಗಳ ವಿನ್ಯಾಸ ಮಾರ್ಕ್ ಇಸಂಬಾರ್ಡ್ ಬ್ರುನೆಲ್‌ನದು, ತಯಾರಿಸಿದ್ದು ಹೆನ್ರಿ ಮಾಡ್ಸ್ಲೆ. ಒಟ್ಟು 45 ಯಂತ್ರ, ಎಲ್ಲಕ್ಕೂ ಉಗಿಯ ಶಕ್ತಿ. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆಗಳು ಹೊರಬರುತ್ತಿದ್ದವು. 110 ಕುಶಲಕರ್ಮಿಗಳು ಮಾಡುತ್ತಿದ್ದ ಕೆಲಸವನ್ನು 10 ಜನ ಮಾಡುತ್ತಿದ್ದರು ಅಂತ ಎಂಜಿನಿಯರಿಂಗ್ ಚರಿತ್ರೆಯ ಪುಸ್ತಕಗಳಲ್ಲೆಲ್ಲ ಇದೆ. ಪುಡಿಯ ದೃಷ್ಟಿಯಿಂದ ಇದನ್ನೇ ತಿರುಗಿಸಿ ಓದಿ. ಮೊದಲು 110 ಜನರ ನಡುವೆ ಹಂಚಿಹೋಗುತ್ತಿದ್ದ ಪುಡಿ ಈಗ ಒಂದೇ ಸೂರಿನಡಿ, 10 ಜನರ ಸುತ್ತ.

ಅಮೆರಿಕದಲ್ಲಿ 1828ರಲ್ಲಿ ವಿಲಿಯಂ ವುಡ್ವರ್ತ್ ಎಂಬಾತ ಪ್ಲೇನರ್ ಯಂತ್ರಕ್ಕೆ ಪೇಟೆಂಟ್ ಪಡೆದ. ಉರುಳೆಯ ಮೇಲೆ ಚೂಪಾದ ಅಲಗುಗಳು, ಅದು ಗಿರ್ರನೆ ತಿರುಗುತ್ತದೆ, ಹಲಗೆ ಅದರಡಿ ಹಾದುಹೋಗುತ್ತದೆ. ಈಗ ನಮ್ಮೂರಿನ ಮರದ ಅಂಗಡಿಯಲ್ಲಿ ಕಿವಿಗಡಚಿಕ್ಕುವ ಪ್ಲೇನರ್ ಇದೆಯಲ್ಲ, ಅದರ ಮುತ್ತಜ್ಜ ಇದೇ. ಆ ಪೇಟೆಂಟನ್ನು ಮತ್ತೆ ಮತ್ತೆ ವಿಸ್ತರಿಸಿಕೊಂಡು 1856ರವರೆಗೂ ಅದರ ಒಡೆಯರು ಗರಗಸದ ಮಿಲ್ಲುಗಳಿಂದ ಹಣ ವಸೂಲಿ ಮಾಡಿದರು. ಅದು ಬೇರೆಯದೇ ಕಥೆ. ನಮಗೆ ಬೇಕಾದ್ದು ಇಷ್ಟು: ಕೀಸುಳಿ ಒಂದು ಉದ್ದ ಸುರುಳಿ ಬಿಡಿಸುತ್ತಿತ್ತು, ಉರುಳೆ ಅದನ್ನು ಸಾವಿರ ಚೂರು ಮಾಡಿ ಎಸೆಯಿತು.

ಹೀಗೆ ಎಸೆದದ್ದು ರಾಶಿ ಬಿದ್ದರೆ ಯಂತ್ರ ನಿಲ್ಲುತ್ತದೆ. ಬೇರಿಂಗಿಗೆ ಪುಡಿ ಹೊಕ್ಕರೆ ಕಾಯುತ್ತದೆ, ಕಾದರೆ ಬೆಂಕಿ. ಯಂತ್ರ ನಿಂತರೆ ಮಾಲೀಕನಿಗೆ ನಷ್ಟ. ಹಾಗಾಗಿ ಪುಡಿ ಎಳೆಯುವ ಫ್ಯಾನು ಬಂತು. ಅಮೆರಿಕದ ಬೆಂಜಮಿನ್ ಸ್ಟರ್ಟೆವಂಟ್ ಬೂಟು ತಯಾರಿಸುವ ಕೆಲಸದಿಂದ ಮೇಲೆ ಬಂದವನು. ಬೂಟಿನ ಕಾರ್ಖಾನೆಯ ಯಂತ್ರಗಳಿಂದ ಏಳುವ ಧೂಳನ್ನು ಹೊರಗೆ ಹಾಕಲು 1860ರ ದಶಕದಲ್ಲಿ ಫ್ಯಾನು ಮಾಡಿದ. ಆಮೇಲೆ ಬೂಟಿಗಿಂತ ಫ್ಯಾನೇ ಅವನ ಕಸುಬಾಯಿತು.

ಫ್ಯಾನು ಎಳೆದ ಪುಡಿಯನ್ನು ಗಾಳಿಯಿಂದ ಬೇರೆ ಮಾಡುವುದು ಹೇಗೆ? ಇದಕ್ಕೆ ಉತ್ತರ ಸೈಕ್ಲೋನ್. ಜಾನ್ ಫಿಂಚ್ ಎಂಬಾತ 1885ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ, ಅದನ್ನು ಮಿಷಿಗನ್ ರಾಜ್ಯದ ನಿಕರ್‌ಬಾಕರ್ ಕಂಪನಿಗೆ ಒಪ್ಪಿಸಿದ. ನೀವು ಕಣದಲ್ಲಿ ರಾಶಿ ತೂರುವುದನ್ನು ನೋಡಿದ್ದರೆ ಸೈಕ್ಲೋನ್ ಅರ್ಧ ಅರ್ಥವಾದಂತೆಯೇ. ಅಲ್ಲಿ ಗಾಳಿ ಬೀಸಿದಾಗ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಸೈಕ್ಲೋನಿನಲ್ಲಿ ಗಾಳಿಯನ್ನು ದೊಡ್ಡ ಲಾಳಿಕೆಯಂಥ ಡಬ್ಬಿಯೊಳಗೆ ಪಕ್ಕದಿಂದ ನುಗ್ಗಿಸಿ ಸುತ್ತಿಸುತ್ತಾರೆ. ಭಾರದ ಕಣಗಳು ಗೋಡೆಗೆ ಬಡಿದು ಕೆಳಕ್ಕೆ ಜಾರುತ್ತವೆ, ಗಾಳಿ ನಡುವಿನಿಂದ ಮೇಲಕ್ಕೆ ಹೋಗುತ್ತದೆ. ತಿರುಗುವ ಭಾಗ ಅದರೊಳಗೆ ಒಂದೂ ಇಲ್ಲ, ಸವೆಯುವುದು ಕಮ್ಮಿ. ಎಂಜಿನಿಯರ್ ಆಗಿ ನನಗೆ ಬಹಳ ಇಷ್ಟವಾಗುವ ಯಂತ್ರ ಇದು.

ಆದರೆ ರಾಶಿ ತೂರುವಾಗ ತೀರಾ ಸಣ್ಣ ತೌಡು ಎಲ್ಲಿಗೆ ಹೋಗುತ್ತದೆ? ತೂರುವವನ ತಲೆ, ಹುಬ್ಬು, ಮೂಗಿಗೆ. ಸೈಕ್ಲೋನಿನಲ್ಲೂ ಅಷ್ಟೇ. ದಪ್ಪ ಪುಡಿ ಕೆಳಗೆ, ಸಣ್ಣ ಪುಡಿ ಗಾಳಿಯ ಜೊತೆ ಮೇಲೆ. ಕೆಳಗೆ ಬಿದ್ದ ದಪ್ಪ ಪುಡಿಯನ್ನು ಬಾಯ್ಲರಿಗೆ ಹಾಕಿ ಉರಿಸುತ್ತಿದ್ದರು, ಅದಕ್ಕೆ ಬೆಲೆ ಇತ್ತು. ನಮ್ಮ ಕಡೆ ಮರದ ಹೊಟ್ಟಿನ ಒಲೆ ನೆನಪಿದೆಯಾ? ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಜಡಿದು, ಬಾಟಲಿ ಎಳೆದು ಕೆಳಗಿನಿಂದ ಬೆಂಕಿ ಕೊಟ್ಟರೆ ಬಚ್ಚಲ ಹಂಡೆ ಕಾಯುತ್ತಿತ್ತು. ಬೆಲೆ ಇದ್ದ ಪುಡಿಯನ್ನು ಎಲ್ಲರೂ ಹಿಡಿದರು. ಬೆಲೆ ಇಲ್ಲದ ಸಣ್ಣ ಪುಡಿಯನ್ನು ಯಾರೂ ಕೇಳಲಿಲ್ಲ.

ಅಲ್ಲಿಯವರೆಗೆ ಕಾರ್ಖಾನೆಗೆಲ್ಲ ಒಂದೇ ಉಗಿ ಯಂತ್ರ, ಚಾವಣಿಯಲ್ಲಿ ಉದ್ದನೆಯ ದಂಡ, ಅದರಿಂದ ಪ್ರತಿ ಮೆಷಿನ್ನಿಗೂ ಬೆಲ್ಟು. 1889ರಲ್ಲಿ ಡೊಲಿವೊ-ಡೊಬ್ರೊವೊಲ್ಸ್ಕಿ ಮೂರು ಫೇಸಿನ ಇಂಡಕ್ಷನ್ ಮೋಟಾರನ್ನು ರೂಪಿಸಿದ ಮೇಲೆ ನಿಧಾನವಾಗಿ ಪ್ರತಿ ಮೆಷಿನ್ನಿಗೂ ತನ್ನದೇ ಮೋಟಾರು ಬಂತು. ಇಪ್ಪತ್ತನೇ ಶತಮಾನದಲ್ಲಿ ಮನೆಯ ಕರೆಂಟಿನಲ್ಲೇ ಓಡುವ ಸಿಂಗಲ್ ಫೇಸ್ ಮೋಟಾರುಗಳೂ ಬಂದವು. ಮೆಷಿನ್ನು ಕಾರ್ಖಾನೆ ಬಿಟ್ಟು ಬಡಗಿಯ ಕೊಟ್ಟಿಗೆಗೆ ಬಂತು. ಚನ್ನಪಟ್ಟಣದಲ್ಲಿ ಆಲೆ ಮರದ ಬೊಂಬೆ ಕಡೆಯುವವರ ಮನೆಗಳಲ್ಲೂ ಕೈಯಿಂದ ಎಳೆಯುವ ಕಮಾನಿನ ಪಕ್ಕ ಮೋಟಾರಿನ ಲೇತು ಬಂದು ಕೂತಿತು. ಮೆಷಿನ್ನು ಬಂತು, ಆದರೆ ಅದರ ಜೊತೆ ಫ್ಯಾನು, ಕೊಳವೆ, ಸೈಕ್ಲೋನು ಬರಲಿಲ್ಲ.

ನನ್ನ ಸೋದರಮಾವನದ್ದೂ ಅಂಥದೇ ಒಂದು ಕೊಟ್ಟಿಗೆ. ಗರಗಸ, ಪ್ಲೇನರ್ ಎರಡೂ ಒಂದೇ ಮೇಜಿನ ಮೇಲಿರುವ ಮೆಷಿನ್ನು, ಕೆಲಸಕ್ಕೆ ಮಾವನೂ ಸೇರಿ ಮೂವರು. ಎರಡು ವರ್ಷದ ಹಿಂದೆ ರಜೆಗೆ ಹೋದಾಗ ಗರಗಸದ ಮೋಟಾರು ಸ್ವಿಚ್ ಹಾಕಿದರೆ "ಗುಂಯ್" ಅಂತ ಗುನುಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿದೆ. ಸಿಂಗಲ್ ಫೇಸ್ ಮೋಟಾರು ತಾನಾಗಿ ತಿರುಗಲು ಶುರು ಮಾಡಲಾರದು, ಅದಕ್ಕೆ ಆರಂಭದಲ್ಲಿ ತಳ್ಳುವ ಇನ್ನೊಂದು ಸುರುಳಿ ಇರುತ್ತದೆ. ವೇಗ ಬಂದ ಮೇಲೆ ಆ ಸುರುಳಿಯನ್ನು ಕಳಚಲು ಒಂದು ಪುಟ್ಟ ಸೆಂಟ್ರಿಫ್ಯೂಗಲ್ ಸ್ವಿಚ್ಚು. ಅದರ ಎರಡು ತುಟಿಗಳ ನಡುವೆ ಪುಡಿ ಗಟ್ಟಿಯಾಗಿ ಕೂತಿತ್ತು. ಬ್ರಷ್ಷಿನಲ್ಲಿ ಬಿಡಿಸಿ ಒರೆಸಿದೆ, ಮೋಟಾರು ತಿರುಗಿತು. ಮಾವ ನಕ್ಕು, "ಮೆಷಿನ್ನಿಗೆ ಮೂಗು ಕಟ್ಟಿತ್ತು ನೋಡು" ಅಂದರು. ಅಂದವರೇ ಕರವಸ್ತ್ರ ತೆಗೆದು ತಮ್ಮ ಮೂಗು ಸೀಟಿಕೊಂಡರು. ಕರವಸ್ತ್ರದ ಮೇಲೆ ಬೀಟೆಯ ಬಣ್ಣ.

ಆ ಮೆಷಿನ್ನಿಗೆ ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಅಭ್ಯಂಜನ ಆಗುತ್ತದೆ. ಮೂಲೆಮೂಲೆಯ ಪುಡಿ ತೆಗೆದು, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು... ಓಡಿಸುವವನ ಮೂಗಿನ ಪೂಜೆ ಮಾತ್ರ ಪಂಚಾಂಗದಲ್ಲಿಲ್ಲ.

ಆ ಮೂಗಿನ ಕಥೆಗೆ ಇಂಗ್ಲೆಂಡಿಗೆ ವಾಪಸ್ ಹೋಗಬೇಕು. ಲಂಡನ್ನಿನ ವಾಯವ್ಯಕ್ಕೆ ಹೈ ವಿಕೂಮ್ ಅಂತ ಒಂದು ಊರು. ಸುತ್ತ ಬೀಚ್ ಮರದ ಕಾಡು, ಊರು ತುಂಬ ಕುರ್ಚಿ ಮಾಡುವವರು. ನಮಗೆ ಚನ್ನಪಟ್ಟಣ ಅಂದರೆ ಬೊಂಬೆ ಹೇಗೋ ಅವರಿಗೆ ವಿಕೂಮ್ ಅಂದರೆ ಕುರ್ಚಿ. ಹಿಂದೆ ಬಾಜರ್ ಎಂಬ ಕುಶಲಕರ್ಮಿಗಳು ಕಾಡಿನಲ್ಲೇ, ಬಯಲಿನಲ್ಲಿ, ಕಾಲಿನಿಂದ ತುಳಿಯುವ ಲೇತಿನಲ್ಲಿ ಹಸಿಮರದ ಕುರ್ಚಿ ಕಾಲುಗಳನ್ನು ಕಡೆಯುತ್ತಿದ್ದರು. ಆಮೇಲೆ ಕಾರ್ಖಾನೆಗಳು ಬಂದವು. ಒಣಗಿದ ಮರ, ವೇಗದ ಯಂತ್ರ, ಮುಚ್ಚಿದ ಕೋಣೆ.

1960ರ ದಶಕದಲ್ಲಿ ಅಲ್ಲಿನ ಕಿವಿ-ಮೂಗು-ಗಂಟಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್, ಮತ್ತು ಪಕ್ಕದ ಆಕ್ಸ್‌ಫರ್ಡಿನ ವೈದ್ಯ ರೊನಾಲ್ಡ್ ಮ್ಯಾಕ್ಬೆತ್ ಒಂದು ವಿಚಿತ್ರ ಗಮನಿಸಿದರು. ಮೂಗಿನ ಒಳಗಿನ ಕುಳಿಗಳಲ್ಲಿ ಆಗುವ ಅಡಿನೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಬಹಳ ಅಪರೂಪದ್ದು. ಅದು ಇಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದೆ, ಬಂದವರಲ್ಲಿ ಬಹಳ ಜನ ಪೀಠೋಪಕರಣ ಮಾಡುವವರು. ಡೊನಾಲ್ಡ್ ಆಚೆಸನ್ ಎಂಬ ಸಾಂಕ್ರಾಮಿಕ ರೋಗತಜ್ಞರ ಜೊತೆ ಸೇರಿ ಅವರು ಲೆಕ್ಕ ತೆಗೆದು, 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಸಾಮಾನ್ಯ ಜನರಿಗೆ ಹೋಲಿಸಿದರೆ ಈ ಕೆಲಸಗಾರರಲ್ಲಿ ಈ ಕ್ಯಾನ್ಸರ್ ನೂರಾರು ಪಟ್ಟು ಹೆಚ್ಚು! ಕಾರಣ ವಾರ್ನಿಷ್ಷೋ ಬಣ್ಣವೋ ಇರಬಹುದಲ್ಲ ಅಂತ ಕೇಳಬಹುದು. ಆದರೆ ಕಾಯಿಲೆ ಕಾಣಿಸಿದ್ದು ಪಾಲಿಶ್ ಹೊಡೆಯುವವರಲ್ಲಿ ಅಲ್ಲ, ಯಂತ್ರ ಓಡಿಸುವವರಲ್ಲಿ ಮತ್ತು ಕುರ್ಚಿ, ಕಪಾಟು ಮಾಡುವವರಲ್ಲಿ. ಅಂದರೆ ಪುಡಿ ಇರುವಲ್ಲಿ.

ಇಷ್ಟು ವರ್ಷ ಯಾಕೆ ಯಾರಿಗೂ ತಿಳಿಯಲಿಲ್ಲ? ಈ ಕಾಯಿಲೆ ಕೆಲಸ ಶುರು ಮಾಡಿದ ಮೇಲೆ ಸುಮಾರು ನಲವತ್ತು ವರ್ಷ ಕಾಯುತ್ತದೆ. ಹದಿನೈದಕ್ಕೆ ಕೆಲಸಕ್ಕೆ ಸೇರಿದವನಿಗೆ ಐವತ್ತೈದಕ್ಕೆ ಬಂದರೆ ಯಾರು ಯಾವುದಕ್ಕೆ ಗಂಟು ಹಾಕುತ್ತಾರೆ? ಮೋಟಾರಿಗೆ ಪುಡಿ ಹೊಕ್ಕರೆ ಅದು ಅವತ್ತೇ ಗುನುಗುತ್ತದೆ, ನಿಲ್ಲುತ್ತದೆ. ಮನುಷ್ಯ ಹಾಗಲ್ಲ, ನಲವತ್ತು ವರ್ಷ ಸುಮ್ಮನೆ ಓಡುತ್ತಾನೆ.

1969ರಲ್ಲಿ ಬ್ರಿಟನ್ ಇದನ್ನು ಕಸುಬಿನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 1995ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿಗೆ ಹಾಕಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಎರಡರ ಅಪಾಯವೂ ಒಂದೇ ಅಂತ ಇದರರ್ಥ ಅಲ್ಲ, ಎರಡಕ್ಕೂ ಸಾಕ್ಷ್ಯ ಅಷ್ಟೇ ಗಟ್ಟಿ ಅಂತ. ಮೂಗಿನ ಈ ಕ್ಯಾನ್ಸರ್ ಈಗಲೂ ಅಪರೂಪದ್ದೇ, ಎಲ್ಲ ಬಡಗಿಗಳಿಗೂ ಬರುವುದಿಲ್ಲ. ಆದರೆ ಕೆಮ್ಮು, ಉಬ್ಬಸ, ಬೀಟೆ-ಸಾಗುವಾನಿಯ ಪುಡಿಯಿಂದ ಚರ್ಮದ ಕಡಿತ ಅಪರೂಪವೇನಲ್ಲ. ಯುರೋಪಿನಲ್ಲಿ 2023ರಿಂದ ಗಟ್ಟಿಮರದ ಪುಡಿಗೆ ಮಿತಿ, ಒಂದು ಘನ ಮೀಟರ್ ಗಾಳಿಯಲ್ಲಿ 2 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಮ್ಮಿ.

ಪುಡಿಗೆ ಇನ್ನೊಂದು ಮುಖವೂ ಇದೆ. ಗಾಳಿಯಲ್ಲಿ ತೇಲುವ ಒಣ ಪುಡಿಗೆ ಕಿಡಿ ಸೋಕಿದರೆ ಅದು ಉರಿಯುವುದಿಲ್ಲ, ಸಿಡಿಯುತ್ತದೆ. 2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂರು ತಿಂಗಳ ಅಂತರದಲ್ಲಿ ಎರಡು ಗರಗಸದ ಮಿಲ್ಲುಗಳು ಹೀಗೆ ಸಿಡಿದು ತಲಾ ಇಬ್ಬರು ಸತ್ತರು. 2015ರಲ್ಲಿ ಇಂಗ್ಲೆಂಡಿನ ಬಾಸ್ಲಿಯಲ್ಲಿ ಮರದ ಹಿಟ್ಟಿನ ಕಾರ್ಖಾನೆ ಸಿಡಿದು ನಾಲ್ವರು ಸತ್ತರು. ಇಂಥ ಕಡೆ ಮೊದಲ ಸಿಡಿತಕ್ಕಿಂತ ಎರಡನೆಯದು ದೊಡ್ಡದಾಗುವುದುಂಟು. ಮೊದಲ ಅಲುಗಾಟಕ್ಕೆ ತೊಲೆ, ಜಂತೆಗಳ ಮೇಲೆ ವರ್ಷಗಳಿಂದ ಕೂತ ಪುಡಿ ಗಾಳಿಗೆ ಉದುರುತ್ತದೆ, ಬೆಂಕಿ ಅಲ್ಲೇ ಕಾದಿರುತ್ತದೆ.

ನಮ್ಮಲ್ಲಿ ಕಾನೂನು ಇಲ್ಲವಾ? ಇತ್ತು. 1948ರ ಕಾರ್ಖಾನೆ ಕಾಯಿದೆಯ 14ನೇ ಕಲಮು ಪೂರ್ತಿ ಧೂಳು ಮತ್ತು ಹೊಗೆಯ ಬಗ್ಗೆಯೇ. ಧೂಳು ಹುಟ್ಟುವ ಜಾಗದ ಪಕ್ಕದಲ್ಲೇ ಅದನ್ನು ಎಳೆದು ಹೊರಹಾಕಬೇಕು ಅಂತ ಸ್ಪಷ್ಟವಾಗಿ ಹೇಳಿತ್ತು. ಆದರೆ ಕರೆಂಟು ಬಳಸುವ ಜಾಗ ಕಾರ್ಖಾನೆ ಅನ್ನಿಸಿಕೊಳ್ಳಲು ಕನಿಷ್ಠ 10 ಜನ ಕೆಲಸಗಾರರಿರಬೇಕಿತ್ತು. 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಮೂರು ಜನರ ಕೊಟ್ಟಿಗೆ ಆಗಲೂ ಹೊರಗೆ, ಈಗಲೂ ಹೊರಗೆ. ಅಲ್ಲಿನ ಗಾಳಿಗೆ ಅವರೇ ಕಾನೂನು.

ಹಾಗಾಗಿ ಚರಿತ್ರೆಯಿಂದ ಕಲಿತದ್ದನ್ನು ಕೊಟ್ಟಿಗೆಯ ಭಾಷೆಯಲ್ಲಿ ಹೇಳಿಬಿಡುತ್ತೇನೆ. ಮೆಷಿನ್ ಕ್ಲೀನ್ ಮಾಡುವ ಮೊದಲು ಪ್ಲಗ್ ಕೀಳಿ, ಬರೀ ಸ್ವಿಚ್ ಆಫ್ ಸಾಲದು. ಕಂಪ್ರೆಸರಿನ ಗಾಳಿಯಿಂದ ಊದಬೇಡಿ, ನೆಲದಲ್ಲಿ ಸುಮ್ಮನೆ ಕೂತಿದ್ದ ಸಣ್ಣ ಪುಡಿಯನ್ನು ಮತ್ತೆ ಒಂದು ಗಂಟೆ ತೇಲಿಬಿಟ್ಟಂತೆ. ಬ್ರಷ್ಷು ಮತ್ತು ವ್ಯಾಕ್ಯೂಮ್ ಒಳ್ಳೆಯದು. ಮೋಟಾರಿನ ರೆಕ್ಕೆಗಳ ನಡುವಿನ ಪುಡಿ ಕಂಬಳಿ ಹೊದಿಸಿದಂತೆ, ವಾರಕ್ಕೊಮ್ಮೆಯಾದರೂ ತೆಗೆಯಿರಿ. ಮೇಜಿಗೆ, ತಿರುಗಣೆಗಳಿಗೆ ಎಣ್ಣೆ ಸವರಿದರೆ ಪುಡಿ ಅಂಟಿ ಗೊಜ್ಜಾಗುತ್ತದೆ, ಒಣ ಮೇಣ ಸಾಕು. ಗರಗಸದ ಹಲ್ಲಿಗೆ ಅಂಟಿದ ಮರದ ಅಂಟು ತೆಗೆದರೆ ಮೋಟಾರಿನ ಶ್ರಮವೂ ಕಮ್ಮಿ, ಮರ ಸುಡುವುದೂ ಕಮ್ಮಿ. ಪುಡಿ ಎಳೆಯುವ ಚೀಲದ ಮೆಷಿನ್ನು ಕೊಳ್ಳುವುದಾದರೆ ಚೀಲದ ಬಟ್ಟೆ ನೋಡಿ, ಒರಟು ಬಟ್ಟೆಯದು ದಪ್ಪ ಪುಡಿ ಹಿಡಿದು ಸಣ್ಣದನ್ನು ಕೋಣೆಗೇ ವಾಪಸ್ ಊದುತ್ತದೆ. ಆಗುವುದಾದರೆ ಅದರ ಬಾಯಿ ಗೋಡೆಯಾಚೆ ಇರಲಿ. ಮುಖಕ್ಕೆ ಸುತ್ತುವ ಟವೆಲ್ಲಿನಿಂದ ಸಣ್ಣ ಪುಡಿ ನಿಲ್ಲುವುದಿಲ್ಲ. ಎನ್-95 ಮಾಸ್ಕ್ ಅಂದರೆ ಏನು ಅಂತ 2020ರ ನಂತರ ಯಾರಿಗೂ ವಿವರಿಸಬೇಕಾಗಿಲ್ಲ, ಅದು ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಮೆಷಿನ್ನು ನಿಲ್ಲಿಸಿದ ತಕ್ಷಣ ಮಾಸ್ಕ್ ತೆಗೆಯಬೇಡಿ, ಪುಡಿ ಇನ್ನೂ ನಿಂತಿರುವುದಿಲ್ಲ.

ಕೊನೆಯದಾಗಿ ಒಂದು ಮಾತು. ಇಟಲಿಯ ಬರ್ನಾರ್ಡಿನೊ ರಾಮಜ್ಜಿನಿ ಎಂಬ ವೈದ್ಯ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಹಳೆಯ ಪಟ್ಟಿಗೆ ಅವನು ಒಂದೇ ಒಂದು ಹೊಸ ಪ್ರಶ್ನೆ ಸೇರಿಸಿದ: ನೀವು ಏನು ಕೆಲಸ ಮಾಡುತ್ತೀರಿ? ವಿಕೂಮಿನಲ್ಲಿ ಎಲ್ಲ ಬಯಲಾಗಿದ್ದು ಯಾವುದೋ ಹೊಸ ಉಪಕರಣದಿಂದಲ್ಲ, ಆ ಪ್ರಶ್ನೆಯ ಉತ್ತರವನ್ನು ವೈದ್ಯರು ಬರೆದಿಟ್ಟುಕೊಂಡಿದ್ದರಿಂದ. ನಮ್ಮ ಊರುಗಳಲ್ಲಿ ಡಾಕ್ಟರಿಗೆ ಒಂದು ದಿನಕ್ಕೆ ನೂರು ಜನ, ಈ ಪ್ರಶ್ನೆಗೆ ಪುರುಸೊತ್ತಿಲ್ಲದಿರಬಹುದು. ಒಂದೇ ಕಡೆಯ ಮೂಗು ಬಹಳ ದಿನ ಕಟ್ಟಿದ್ದರೆ, ಮೂಗಿನಿಂದ ಪದೇ ಪದೇ ರಕ್ತ ಬರುತ್ತಿದ್ದರೆ ಸುಮ್ಮನಿರಬೇಡಿ, ಹೋಗಿ ತೋರಿಸಿ. ಅವರು ಕೇಳದಿದ್ದರೂ ನೀವಾಗಿ ಹೇಳಿ: "ಸಾರ್, ನಾನು ಮರಗೆಲಸ ಮಾಡೋನು. ಇಷ್ಟು ವರ್ಷ ಆಯ್ತು."